ಆಟಿಯಲ್ಲಿ ಮಾರಿದ ಕಾರು

ಗಂಡನ ಫೋನು ಬಂದಾಗ ನಾನು ಮದುಮಗಳೊಬ್ಬಳ ಹುಬ್ಬು ತಿದ್ದುತ್ತಿದ್ದೆ. ಮುಹೂರ್ತಕ್ಕೆ ಅರ್ಧ ಗಂಟೆ ಇತ್ತು, ಕೈ ಬಿಡುವ ಹಾಗಿರಲಿಲ್ಲ. ಮತ್ತೆ ಮತ್ತೆ ರಿಂಗಾದಾಗ ಮದುಮಗಳೇ, "ಅಕ್ಕ, ತೆಗೀರಿ, ಎಂತದೋ ಅರ್ಜೆಂಟ್ ಉಂಟು" ಎಂದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಒಂದು ಹುಬ್ಬು ಮುಗಿಸಿದೆ. ಇನ್ನೊಂದನ್ನು ಹೇಗೆ ಮುಗಿಸಿದೆನೋ ನನಗೆ ಗೊತ್ತಿಲ್ಲ.

ಗಲ್ಫಿನಲ್ಲಿ ಅವರ ಮೇಲೆ ಕೇಸು ಬಿದ್ದು ಎರಡು ವರ್ಷವಾಗಿತ್ತು. ಜೊತೆಗೆ ಕೆಲಸ ಮಾಡುವವನ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದರು. ರಜೆಗೆಂದು ಊರಿಗೆ ಹೋದವನು ತಿರುಗಿ ಬರಲೇ ಇಲ್ಲ. ಆಮೇಲೆ ಕಂಪನಿ ಬಾಗಿಲು ಹಾಕಿತು, ಸಾಲ ಇವರ ಕುತ್ತಿಗೆಗೆ ಬಂತು, ದೇಶ ಬಿಡಬಾರದೆಂಬ ಆದೇಶವೂ ಬಂತು. ಕೆಲಸವಿಲ್ಲ, ಸಂಬಳವಿಲ್ಲ, ಊರಿಗೆ ಬರುವ ಹಾಗಿಲ್ಲ. ಯಾರದೋ ಕೋಣೆಯಲ್ಲಿ ಮಂಚದ ಕೆಳಗೆ ಮಲಗುತ್ತಿದ್ದರು. ಈಗ ಅಲ್ಲಿಯ ವಕೀಲರೊಬ್ಬರು ಮಾತುಕತೆ ಮಾಡಿಸಿದ್ದರು. ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷದ ಇಪ್ಪತ್ತು ಸಾವಿರವನ್ನು ತಿಂಗಳ ಕೊನೆಯೊಳಗೆ ಕಟ್ಟಿದರೆ ಉಳಿದದ್ದು ಮನ್ನಾ, ಕೇಸು ವಾಪಸು. ಕಟ್ಟದಿದ್ದರೆ ಜೈಲು.

"ಆಗ್ತದಾ?" ಎಂದು ಕೇಳಿದರು.

"ಆಗ್ತದೆ" ಎಂದೆ. ಎಂತದರಿಂದ ಆಗುತ್ತದೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿನ್ನ ಮೊದಲೇ ಹೋಗಿತ್ತು. ಇದ್ದದ್ದು ಕಾರು ಒಂದೇ. ಏಳು ವರ್ಷ ಹಳೆಯ ಬಿಳಿ ಹ್ಯಾಚ್‌ಬ್ಯಾಕ್. ಬೆಳಿಗ್ಗೆ ನಾಲ್ಕಕ್ಕೆ ಕಲ್ಯಾಣಪುರದ ಮನೆ ಬಿಟ್ಟು, ಅಲಂಕಾರದ ಪೆಟ್ಟಿಗೆ, ಕನ್ನಡಿ, ದೀಪ, ಜಡೆ ಬಿಲ್ಲೆ ಎಲ್ಲ ತುಂಬಿಕೊಂಡು ಕಾರ್ಕಳಕ್ಕೋ ಕುಂದಾಪುರಕ್ಕೋ ಓಡುತ್ತಿದ್ದದ್ದು ಅದರಲ್ಲೇ. ಅದನ್ನು ಮಾರಿದರೆ ನನ್ನ ಕಸುಬಿನ ಕಾಲು ಮುರಿದ ಹಾಗೆ. ಆದರೆ ಗಂಡ ಜೈಲಿನಲ್ಲಿರುವಾಗ ಬೇರೆಯವರ ಮಕ್ಕಳಿಗೆ ಮಲ್ಲಿಗೆ ಮುಡಿಸಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೇಳಬೇಕು. ನಮ್ಮ ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ ತಿಂಗಳು. ಆಟಿಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತಿರಲಿ ಹಳೆಯದಿರಲಿ ಗಾಡಿಯನ್ನು ಮನೆಗೆ ತರುವುದಿಲ್ಲ. ಮದುವೆ ಇಲ್ಲದ ಮೇಲೆ ನನಗೆ ಒಂದು ಪೈಸೆ ಹುಟ್ಟುವುದಿಲ್ಲ, ಗಾಡಿಗೆ ಗಿರಾಕಿ ಸಿಗುವುದಿಲ್ಲ. ಆಟಿ ಹಿಡಿಯುವ ಸಂಕ್ರಮಣಕ್ಕೆ ಹೆಚ್ಚೆಂದರೆ ಹತ್ತು ದಿನ ಉಳಿದಿತ್ತು.

ಮೊದಲ ನಾಲ್ಕು ದಿನ ಕಾಗದಕ್ಕೇ ಹೋಯಿತು. ಕಾರಿನ ಸಾಲ ತೀರಿಸಿ ಬಹಳ ಕಾಲವಾಗಿತ್ತು. ಆದರೆ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೆಯೇ ಕೂತಿತ್ತು, ಅದನ್ನು ತೆಗೆಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಕಪಾಟಿನಲ್ಲಿದ್ದ ನಿರಾಕ್ಷೇಪಣಾ ಪತ್ರದ ಅವಧಿ ಮುಗಿದಿತ್ತು. ಹೊಸ ಪತ್ರ ತರಿಸಿ, ಫಾರಂ ಮೂವತ್ತೈದು ತುಂಬಿಸಿ, ಮಣಿಪಾಲದ ಸಾರಿಗೆ ಕಚೇರಿಗೆ ಮೂರು ಸಲ ಹತ್ತಿ ಇಳಿದೆ. ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ್ದಕ್ಕೆ ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡು ಇಬ್ಬರು ಫೋನು ಮಾಡಿದರು. ಕಾರು ನೋಡದೆಯೇ ಹಣ ಹಾಕುತ್ತಾರಂತೆ, ನಾನು ಅವರು ಕಳಿಸಿದ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಬೇಕಂತೆ. ಹಣ ತೆಗೆದುಕೊಳ್ಳುವವಳು ಯಾಕೆ ಸ್ಕ್ಯಾನ್ ಮಾಡಬೇಕು ಎಂದು ಕೇಳಿದ್ದಕ್ಕೆ ಒಬ್ಬ ಹಿಂದಿಯಲ್ಲಿ ಬೈದು ಇಟ್ಟ. ನಾನೂ ತುಳುವಿನಲ್ಲಿ ಸಾಕಷ್ಟು ಬೈದೆ, ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಭಾನುವಾರ ನಿಟ್ಟೆಯಿಂದ ಹಾಸ್ಟೆಲ್ ಮೆಸ್ಸಿನ ಕಂಟ್ರಾಕ್ಟರೊಬ್ಬರು ಬಂದರು. ಜೊತೆಗೆ ಮೆಕ್ಯಾನಿಕ್. ಅವನು ಸಣ್ಣ ಅಯಸ್ಕಾಂತ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದ. ತಗಡಿಗೆ ಪುಟ್ಟಿ ಹಚ್ಚಿ ಬಣ್ಣ ಬಳಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲವಂತೆ. ನನ್ನ ಕಸುಬಿನಲ್ಲಿ ಅಂಥದ್ದೊಂದು ಅಯಸ್ಕಾಂತ ಬರದಿರಲಿ ಎಂದುಕೊಂಡೆ. ಟೆಸ್ಟ್ ಡ್ರೈವಿಗೆ ನಾನೂ ಪಕ್ಕದಲ್ಲಿ ಕೂತೆ, ಮೊದಲು ಅವರ ಲೈಸೆನ್ಸಿನ ಫೋಟೋ ತೆಗೆದುಕೊಂಡೆ. ನಾಲ್ಕು ಲಕ್ಷದ ನಲವತ್ತೈದಕ್ಕೆ ಮಾತಾಯಿತು. ವೀಳ್ಯದೆಲೆಯ ಮೇಲೆ ಐನೂರ ಒಂದು ರೂಪಾಯಿ ಇಟ್ಟು ಕೊಟ್ಟರು.

"ಮಂಗಳವಾರ ಬಂದು ಹಣ ಖಾತೆಗೆ ಹಾಕಿ ಗಾಡಿ ತೆಗೊಂಡು ಹೋಗ್ತೇನೆ ಅಕ್ಕ" ಎಂದರು.

ಒಳಗಿನಿಂದ ಅತ್ತೆ ಬಂದರು. ಮಗನ ಚಿಂತೆಯಲ್ಲಿ ಅವರಿಗೆ ಆಗಲೇ ಅರ್ಧ ಜೀವ. "ಮಂಗಳವಾರ ಬೇಡ. ಮಂಗಳವಾರ ಮನೆಯಿಂದ ಗಾಡಿ ಹೊರಗೆ ಕೊಡುವುದಾ? ನನ್ನ ಮಗನಿಗೆ ಮೊದಲೇ ಗ್ರಹಚಾರ ಸರಿ ಇಲ್ಲ" ಎಂದರು. ನನಗೂ ಅದು ಹೌದೆನಿಸಿತು. ನಾನೂ ಇದೇ ಊರಲ್ಲಿ ಹುಟ್ಟಿದವಳು. ಬುಧವಾರ ಆಗಲಿ ಎಂದೆ. ಕಂಟ್ರಾಕ್ಟರರೂ ತಲೆ ಅಲ್ಲಾಡಿಸಿದರು. ನಾನು ಜಾಹೀರಾತು ತೆಗೆದು, ವಿಚಾರಿಸುತ್ತಿದ್ದ ಇನ್ನಿಬ್ಬರಿಗೂ ಮಾರಿ ಆಯಿತು ಎಂದು ಹೇಳಿಬಿಟ್ಟೆ.

ಬುಧವಾರ ಬೆಳಿಗ್ಗೆ ಅವರ ಫೋನು ಬಂತು. "ಅಕ್ಕ, ಬೇಜಾರು ಮಾಡಬೇಡಿ. ಇವತ್ತು ಸಂಕ್ರಮಣ ಅಲ್ವಾ. ಅಮ್ಮ ಕೇಳುದಿಲ್ಲ. ಆಟಿಗೆ ಗಾಡಿ ತಂದ್ರೆ ಮನೆಗೆ ಆಗ್ಲಿಕ್ಕಿಲ್ಲ ಅಂತ. ಆಟಿ ಕಳೆದು ಸೋಣ ತಿಂಗಳು ಬಂದ ಕೂಡ್ಲೇ ಖಂಡಿತ ತೆಗೊಳ್ತೇನೆ."

"ಸಂಕ್ರಮಣ ನಾಳೆ ಅಲ್ವಾ?"

"ನಿಮ್ಮ ಕ್ಯಾಲೆಂಡರಿನಲ್ಲಿ ನಾಳೆ ಇರಬಹುದು. ನಮ್ಮ ಪಂಚಾಂಗದಲ್ಲಿ ಇವತ್ತೇ."

ಅತ್ತೆ ಗೋಡೆಯ ಕ್ಯಾಲೆಂಡರಿನ ಎದುರು ಹೋಗಿ ನಿಂತವರು ಬಹಳ ಹೊತ್ತು ಕದಲಲಿಲ್ಲ. ಮಧ್ಯಾಹ್ನ ಗಂಜಿಗೆ ಕರೆದರೆ, "ನನ್ನ ಮಗನನ್ನು ನಾನೇ ಅಲ್ಲಿ ಹಿಡಿದಿಟ್ಟೆ" ಎಂದು ಅಳಲು ಶುರು ಮಾಡಿದರು. ಸಮಾಧಾನ ಹೇಳಬೇಕಿತ್ತು. ಹೇಳಲಿಲ್ಲ. ಸಿಟ್ಟು ನನ್ನ ಗಂಟಲಿನವರೆಗೂ ಬಂದು ನಿಂತಿತ್ತು. ಬಾಯಿ ತೆರೆದರೆ ಅವರ ಮೇಲೆ ಬೀಳುತ್ತಿತ್ತು, ಹಾಗಾಗಿ ಪಾತ್ರೆ ತೊಳೆಯಲು ಹೋದೆ.

ಮತ್ತೆ ಜಾಹೀರಾತು ಹಾಕಿದೆ. ಫೋನು ಸುಮ್ಮನಾಗಿತ್ತು. ಹೊರಗೆ ಮಳೆ, ಒಳಗೆ ನಾವಿಬ್ಬರು. ಗಂಡ ದಿನಾ ಸಂಜೆ ಮೆಸೇಜು ಮಾಡುತ್ತಿದ್ದರು, "ಊಟ ಆಯ್ತಾ" ಎಂದು ಮಾತ್ರ. ಕೇಸು ಬಿದ್ದಂದಿನಿಂದ ವಿಡಿಯೋದಲ್ಲಿ ಮುಖ ತೋರಿಸಿದವರೇ ಅಲ್ಲ. ಹಣದ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ನಾನು "ಆಯ್ತು" ಎಂದು ಬರೆದು ಫೋನು ಮಗುಚಿ ಇಡುತ್ತಿದ್ದೆ. ಬ್ಯಾಂಕಿನಲ್ಲಿ ವಿಚಾರಿಸಿದಾಗ ವಿದೇಶಕ್ಕೆ ಹಣ ತಲುಪಲು ಎರಡು ದಿನ ಬೇಕೆಂದರು. ತಿಂಗಳ ಕೊನೆ ಗುರುವಾರ. ಅಂದರೆ ಮಂಗಳವಾರ ಮಧ್ಯಾಹ್ನದೊಳಗೆ ಇಲ್ಲಿಂದ ಹೊರಡಲೇಬೇಕು.

ಕೊನೆಯ ವಾರದ ಶನಿವಾರ ಕಾರ್ಕಳದ ಬ್ರೋಕರನೊಬ್ಬ ಫೋನು ಮಾಡಿದ. ಹಳೆ ಗಾಡಿಯ ವ್ಯಾಪಾರ. "ನಾಲ್ಕು ಮುಕ್ಕಾಲು ಕೊಡ್ತೇನೆ ಅಕ್ಕ. ಫುಲ್ ಕ್ಯಾಶ್. ಈಗ್ಲೇ ಬನ್ನಿ." ಆಟಿಯಲ್ಲಿ ಯಾರೂ ಕೊಡದ ಬೆಲೆ. ಅದನ್ನು ಕೇಳಿಯೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ, ಅಳು ಬಂತು. ಮಳೆಯಲ್ಲೇ ಹೊರಟೆ.

ಊರಿನ ಅಂಚಿನಲ್ಲಿ ತಗಡಿನ ಶೆಡ್ಡು. ಕಾರಿನ ಬಾನೆಟ್ಟು ಎತ್ತಿ ಸಹ ನೋಡಲಿಲ್ಲ. ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಕಟ್ಟು ಇಟ್ಟು, ಮಾಲೀಕತ್ವ ಬದಲಾವಣೆಯ ಎರಡು ಫಾರಂಗಳನ್ನು, ಇಪ್ಪತ್ತೊಂಬತ್ತು ಮತ್ತು ಮೂವತ್ತು, ನನ್ನೆದುರು ಸರಿಸಿದ. ಖರೀದಿದಾರನ ಜಾಗ ಖಾಲಿ ಇತ್ತು.

"ಹೆಸರು ಎಲ್ಲಿ?" ಎಂದೆ.

"ಹೆಸರು ಮತ್ತೆ ಬರೆಯುವ. ಯಾರಿಗೆ ಮಾರ್ತೇನೋ ಅವರದ್ದು. ನೀವು ಸೈನ್ ಹಾಕಿ ಕೊಡಿ, ಸಾಕು."

"ನಿಮ್ಮ ಆಧಾರ್, ಪ್ಯಾನ್ ಪ್ರತಿ?"

"ಎಂತ ಅಕ್ಕ, ಹೆಣ್ಣು ನೋಡ್ಲಿಕ್ಕೆ ಬಂದ ಹಾಗೆ ಕೇಳ್ತೀರಿ?" ಎಂದು ನಕ್ಕ. "ಹಣ ಎದುರು ಉಂಟಲ್ಲ. ಬೇಕಾದ್ರೆ ಮುಟ್ಟಿ ನೋಡಿ."

ಪೆನ್ನು ನನ್ನ ಕೈಯಲ್ಲಿತ್ತು. ಹಣವನ್ನು ಮುಟ್ಟಿಯೂ ನೋಡಿದೆ, ಸುಳ್ಳು ಹೇಳುವುದಿಲ್ಲ. ಸೈನು ಮಾಡಿಬಿಡು ಎಂದು ನನ್ನ ಇಡೀ ಮೈ ಹೇಳುತ್ತಿತ್ತು. ಆದರೆ ಬ್ಯಾಂಕಿನಲ್ಲಿ ವಿಚಾರಿಸಲು ಹೋದ ದಿನವೇ ಅಲ್ಲಿಯ ಅಧಿಕಾರಿ ಎರಡು ಮಾತು ಹೇಳಿದ್ದರು. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಮತ್ತೆ, ವಿದೇಶಕ್ಕೆ ಕಳಿಸುವ ಹಣ ಎಲ್ಲಿಂದ ಬಂತೆಂದು ಕಾಗದ ತೋರಿಸಬೇಕು. ಈ ಪೇಪರಿನ ಕಟ್ಟು ತೋರಿಸಿ ನಾನು ಯಾರಿಗೆ ಎಂತ ಹೇಳಲಿ? ನೋಟಿನ ಕಟ್ಟು ತಾನಾಗಿ ಸಮುದ್ರ ದಾಟುವುದಿಲ್ಲ. ಇನ್ನು ಆ ಖಾಲಿ ಜಾಗ. ನಾಳೆ ಈ ಗಾಡಿ ಯಾರನ್ನೋ ಗುದ್ದಿ ಓಡಿಹೋದರೆ ಪೊಲೀಸರು ಹುಡುಕಿಕೊಂಡು ಬರುವುದು ನನ್ನ ಮನೆಗೆ. ಬೇರೆಯವನ ಕಾಗದಕ್ಕೆ ಸೈನು ಹಾಕಿಯೇ ನನ್ನ ಗಂಡ ಅಲ್ಲಿ ಕೂತದ್ದು. ಇಲ್ಲಿ ನಾನೂ ಅದನ್ನೇ ಮಾಡುವುದಾ?

ಪೆನ್ನಿಗೆ ಮುಚ್ಚಳ ಹಾಕಿದೆ. ಅವನು ಇನ್ನೂ ಹದಿನೈದು ಸಾವಿರ ಏರಿಸಿದ. ಅದರಿಂದ ಮನಸ್ಸು ಗಟ್ಟಿಯಾಯಿತು. ಒಳ್ಳೆಯ ವ್ಯಾಪಾರಿ ಬೆಲೆ ಇಳಿಸುತ್ತಾನೆ, ಏರಿಸುವುದಿಲ್ಲ.

ಬೈಲೂರು ದಾಟುವವರೆಗೆ ಸರಿಯಾಗಿಯೇ ಓಡಿಸಿದೆ. ಆಮೇಲೆ ರಸ್ತೆ ಬದಿಗೆ ನಿಲ್ಲಿಸಿ, ಗಾಜು ಏರಿಸಿ ಬೊಬ್ಬೆ ಹೊಡೆದೆ. ದೇವರನ್ನು, ಸಾಲ ಮಾಡಿ ಓಡಿದವನನ್ನು, ಗಂಡನ ಒಳ್ಳೆಯತನವನ್ನು, ಎಲ್ಲರನ್ನೂ ಬೈದೆ. ಎದುರಿನಿಂದ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿಕೊಂಡು ಹೋದ.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಕಾಪುವಿನಿಂದ ಒಬ್ಬರು ಬಂದರು. ಮೀನಿನ ವ್ಯಾಪಾರಿ, ಬ್ಯಾರಿ ಮುಸಲ್ಮಾನರು, ಅರುವತ್ತರ ಆಸುಪಾಸು. ಜೊತೆಗೆ ಮಗಳು, ಕಾರ್ಕಳದ ಕಡೆ ಶಾಲೆಯಲ್ಲಿ ಟೀಚರ್. ಮಾತೆಲ್ಲ ಆದದ್ದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಎರಡು ಬಸ್ಸು ಬದಲಿಸಿ ಹೋಗ್ತಾಳೆ, ಬರುವಾಗ ಕತ್ತಲೆ. ಒಂದು ಗಾಡಿ ಬೇಕಿತ್ತು" ಎಂದರು. "ನಮಗೆ ಆಟಿ ಇಲ್ಲ ಮಾರಾಯ್ತಿ. ನಿಮಗೆ ಉಂಟು, ರೇಟು ಇಳೀತದೆ ಅಂತಲೇ ಈಗ ಬಂದದ್ದು."

ಇಷ್ಟು ನೇರವಾಗಿ ಮಾತಾಡುವ ಗಿರಾಕಿ ಅದುವರೆಗೆ ಸಿಕ್ಕಿರಲಿಲ್ಲ. ಮಗಳು ಗಾಡಿ ಓಡಿಸಿ ನೋಡಿದಳು. ಕ್ಲಚ್ಚು ಸ್ವಲ್ಪ ಮೇಲೆ ಹಿಡಿಯುತ್ತದೆ ಎಂದಳು. ಹೌದು, ಹಿಡಿಯುತ್ತಿತ್ತು. ನಾಲ್ಕು ಲಕ್ಷದಿಂದ ಶುರುವಾಗಿ ನಾಲ್ಕು ಲಕ್ಷದ ಮೂವತ್ತಕ್ಕೆ ನಿಂತಿತು. ಅವರು ಕೂಡಲೇ ಪ್ಲಾಸ್ಟಿಕ್ ಚೀಲ ತೆಗೆದು ಜಗಲಿಯ ಮೇಲಿಟ್ಟರು. ಇಡೀ ಮೊತ್ತ ಅದರಲ್ಲಿತ್ತು.

ಅತ್ತೆ ಬಾಗಿಲಲ್ಲಿ ನಿಂತು ಚೀಲವನ್ನೇ ನೋಡುತ್ತಿದ್ದರು. ನನಗೂ ತೆಗೆದುಕೊಂಡು ಒಳಗೆ ಓಡಿ ಬಾಗಿಲು ಹಾಕಬೇಕೆನಿಸಿತು.

"ಇಲ್ಲಿ ಬೇಡ" ಎಂದೆ. "ನಾಳೆ ಹತ್ತು ಗಂಟೆಗೆ ಸಂತೆಕಟ್ಟೆಯ ಬ್ಯಾಂಕಿಗೆ ಬನ್ನಿ. ಒಂದು ಲಕ್ಷದ ತೊಂಬತ್ತು ಸಾವಿರ ಮಾತ್ರ ನಗದು. ಅದನ್ನು ಕೌಂಟರಿನಲ್ಲಿ ನಿಮ್ಮೆದುರೇ ನನ್ನ ಖಾತೆಗೆ ಕಟ್ಟುವ. ಉಳಿದದ್ದು ನಿಮ್ಮ ಖಾತೆಯಿಂದ ನನ್ನ ಖಾತೆಗೆ ಬರಬೇಕು."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಉಂಟು. ನೋಟಿನ ಮೇಲೆ ಇಲ್ಲ."

ಅವರ ಮುಖ ಗಂಟಾಯಿತು. ಮಗಳು, "ಅವರು ಹೇಳುವುದು ಸರಿ ಉಂಟಲ್ಲ" ಎಂದು ಚೀಲ ಎತ್ತಿಕೊಂಡಳು. ಅವರು ಹೋದ ಮೇಲೆ ಅತ್ತೆ ನನ್ನ ಹತ್ತಿರ ಬಂದು, "ನಾಳೆ ಮಂಗಳವಾರ" ಎಂದರು. ನಾನು ತಿರುಗಿ ನೋಡಿದೆ. "ಆಗಲಿ. ಮಂಗಳವಾರವೇ ಆಗಲಿ. ಇನ್ನು ನಾನು ಎಂತದೂ ಹೇಳುವುದಿಲ್ಲ" ಎಂದರು. ಆ ರಾತ್ರಿಯೇ ನಾವಿಬ್ಬರೂ ಹತ್ತು ಹನ್ನೆರಡು ದಿನದ ನಂತರ ಒಟ್ಟಿಗೆ ಕೂತು ಊಟ ಮಾಡಿದ್ದು.

ಮಂಗಳವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವಾಗ ಅಪ್ಪ ಮಗಳು ಮೆಟ್ಟಿಲಲ್ಲಿ ನಿಂತಿದ್ದರು. ಮೊದಲು ಕಾಗದಗಳು. ಮಾರಾಟದ ಕರಾರು ಎರಡು ಪ್ರತಿ, ಖರೀದಿದಾರರ ಹೆಸರು ತುಂಬಿದ ಫಾರಂಗಳು, ಗುರುತಿನ ಪ್ರತಿಗಳ ಮೇಲೆ "ಈ ಕಾರಿನ ಮಾರಾಟಕ್ಕೆ ಮಾತ್ರ" ಎಂದು ಅಡ್ಡಗೆರೆ ಎಳೆದು ಬರೆದದ್ದು. ಟೋಲಿನ ಫಾಸ್ಟ್ಯಾಗನ್ನು ಹಿಂದಿನ ದಿನವೇ ಬಂದ್ ಮಾಡಿಸಿದ್ದೆ. ಕೀಲಿ ನನ್ನ ಬ್ಯಾಗಿನಲ್ಲೇ ಇತ್ತು. ಹಣ ಖಾತೆಯಲ್ಲಿ ಕೂತ ಮೇಲೆ ಕೀಲಿ ಎಂದು ಮಾತಾಗಿತ್ತು.

ಕ್ಯಾಷಿಯರ್ ಮೊದಲ ಕಟ್ಟನ್ನು ಮೆಷಿನ್ನಿಗೆ ಇಟ್ಟರು. ಅದು ನಾಲ್ಕು ನೋಟು ಎಣಿಸಿ ಕೀಂ ಎಂದು ನಿಂತಿತು. ಮತ್ತೆ ಇಟ್ಟರು, ಮತ್ತೆ ನಿಂತಿತು. ಇನ್ನೊಂದು ಕಟ್ಟಿಗೂ ಅದೇ ಹಾಡು. ಒಂದು ನೋಟನ್ನು ಬೆಳಕಿಗೆ ಹಿಡಿದು, ಮೂಸಿ, ಇಡೀ ಕಟ್ಟನ್ನು ಕಿಂಡಿಯಿಂದ ಹೊರಗೆ ತಳ್ಳಿದರು. "ಇದು ಆಗುದಿಲ್ಲ."

ಆ ಒಂದು ಮಾತು ಸಾಕಾಯಿತು. ಎರಡು ವಾರ ಗಂಟಲಲ್ಲಿ ಹಿಡಿದಿಟ್ಟದ್ದೆಲ್ಲ ಆ ಮೀನಿನ ವ್ಯಾಪಾರಿಯ ಮೇಲೆ ಬಿತ್ತು. "ಎಂತ ನೋಟು ತಂದದ್ದು ನೀವು? ನಾನು ಹೆಂಗಸು ಅಂತ ಕಳ್ಳನೋಟು ದಾಟಿಸ್ಲಿಕ್ಕೆ ಬಂದದ್ದಾ? ಇವತ್ತು ಹಣ ಹೋಗದಿದ್ದರೆ ನನ್ನ ಗಂಡ ಅಲ್ಲಿ ಜೈಲಿಗೆ ಹೋಗ್ತಾರೆ, ನಿಮಗೆ ಎಂತ?" ಸಾಲಿನಲ್ಲಿದ್ದವರೆಲ್ಲ ತಿರುಗಿದರು.

ಅವರು ಏರುದನಿ ಮಾಡಲಿಲ್ಲ. "ನಾನು ಮೀನು ಮಾರುವವ ತಂಗಿ. ಕಳ್ಳನೋಟು ಮಾರುವವ ಅಲ್ಲ" ಎಂದು ಹೇಳಿ, ಕಟ್ಟುಗಳನ್ನು ಚೀಲಕ್ಕೆ ತುಂಬಿ ಹೊರಗೆ ಹೋದರು. ಮಗಳು ನನ್ನತ್ತ ನೋಡದೆ ಹಿಂದೆ ನಡೆದಳು.

ಕ್ಯಾಷಿಯರ್ ಕಿಂಡಿಯಿಂದ ಕತ್ತು ಹೊರಗೆ ಹಾಕಿದರು. "ಕಳ್ಳನೋಟು ಅಂತ ನಾನು ಎಲ್ಲಿ ಹೇಳಿದೆ ಮೇಡಂ? ನೋಟು ಒದ್ದೆ ಉಂಟು. ಮೀನಿನ ದುಡ್ಡು, ಉಪ್ಪುನೀರು ಕುಡಿದು ಒಂದಕ್ಕೊಂದು ಅಂಟಿದೆ. ಒಣಗಿಸಿ ತಂದ್ರೆ ತೆಗೊಳ್ತೇನೆ."

ಚಪ್ಪಲಿ ಜಾರುವುದನ್ನೂ ನೋಡದೆ ಓಡಿದೆ. ಅವರು ರಿಕ್ಷಾಕ್ಕೆ ಕೈ ತೋರಿಸುತ್ತಿದ್ದರು. ಮಳೆಯಲ್ಲಿ ನಿಂತು ತಪ್ಪಾಯಿತು ಎಂದೆ. ನನಗೆ ನಾಚಿಕೆಯಾಗಿತ್ತು, ನಾಚಿಕೆಗಿಂತ ಹೆಚ್ಚು ಹೆದರಿಕೆಯಾಗಿತ್ತು, ಇವರು ಹೋದರೆ ಎಲ್ಲ ಮುಗಿಯಿತೆಂದು. ಅವರು ರಿಕ್ಷಾದ ಕಂಬಿ ಹಿಡಿದುಕೊಂಡೇ ಕೇಳಿದರು.

"ಗಂಡ ಎಲ್ಲಿರುವುದು?"

ಹೇಳಿದೆ. ಜಾಮೀನಿನ ಸಂಗತಿ, ಮಂಚದ ಕೆಳಗೆ ಮಲಗುವ ಸಂಗತಿ, ಎಲ್ಲ ಹೇಳಿದೆ.

"ನಾನೂ ಅಲ್ಲಿ ಏಳು ವರ್ಷ ಇದ್ದವ" ಎಂದರು. "ಆ ಕೋಣೆ ನನಗೆ ಗೊತ್ತುಂಟು. ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಿನ್ನೆ ನಾನು ಇಪ್ಪತ್ತು ಸಾವಿರಕ್ಕೆ ಚರ್ಚೆ ಮಾಡ್ತಾ ಕೂತಿದ್ದೆ." ರಿಕ್ಷಾವನ್ನು ಕಳಿಸಿದರು. "ಈಗ ಇದನ್ನು ಒಣಗಿಸುವುದು ಎಲ್ಲಿ? ಬಿಸಿಲು ಕಾಣದೆ ಹದಿನೈದು ದಿನ ಆಯ್ತು."

ನನ್ನ ಅಲಂಕಾರದ ಕೋಣೆ ಬ್ಯಾಂಕಿನಿಂದ ನಾಲ್ಕು ಹೆಜ್ಜೆ. ಅಲ್ಲಿ ಮದುಮಕ್ಕಳ ಕೂದಲು ಒಣಗಿಸುವ ಡ್ರೈಯರು ಎರಡು ಇದ್ದವು. ನೋಟನ್ನು ನಾನು ಮುಟ್ಟುವುದಿಲ್ಲ, ನೀವೇ ಬಿಡಿಸಿ ಹರಡಿ ಎಂದೆ. ಆಮೇಲೆ ಎಣಿಕೆಯಲ್ಲಿ ಹೆಚ್ಚುಕಡಿಮೆ ಬಂದರೆ ಇನ್ನೊಂದು ಜಗಳ ಆಗಬಾರದು. ಈ ಸಲ ಅವರು ಬೇಸರ ಮಾಡಲಿಲ್ಲ. ಅಪ್ಪ ಮಗಳು ನೋಟು ಬಿಡಿಸಿ ಬಿಡಿಸಿ ಮೇಜಿನ ಮೇಲೆ, ಕುರ್ಚಿಯ ಮೇಲೆ ಹಾಸಿದರು. ನಾನು ಹದವಾದ ಬಿಸಿಯಿಟ್ಟು ಗಾಳಿ ಬಿಟ್ಟೆ. ಹೆಚ್ಚು ಬಿಸಿಯಾದರೆ ನೋಟು ಸುರುಟುತ್ತದೆ, ಕೂದಲಿನ ಹಾಗೆಯೇ. ಕೋಣೆ ತುಂಬ ಬಂಗುಡೆಯ ವಾಸನೆ. ಅಲ್ಲಿ ಇನ್ನು ಯಾವ ಮದುಮಗಳು ಕೂರುತ್ತಾಳೆಂದು ಮಗಳು ನಗಲು ಶುರು ಮಾಡಿದಳು. ಅರ್ಧ ಆಗಿತ್ತು. ಆಗ ಕರೆಂಟು ಹೋಯಿತು.

ಆಟಿಯಲ್ಲಿ ಕರೆಂಟು ಹೋದರೆ ಬರುವ ಹೊತ್ತನ್ನು ಯಾರೂ ಹೇಳಲಾರರು. ಉಡುಪಿಯ ಮುಖ್ಯ ಶಾಖೆಯಲ್ಲಿ ವಿದೇಶಕ್ಕೆ ಹಣ ಕಳಿಸುವ ವಿಭಾಗ ಮೂರು ಗಂಟೆಗೆ ಮುಚ್ಚುತ್ತದೆ. ನಾನು ಡ್ರೈಯರು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ.

ಮೀನಿನ ವ್ಯಾಪಾರಿ ಕಿಟಕಿಯಿಂದ ಕೆಳಗೆ ನೋಡಿದರು. "ಗಾಡಿಯಲ್ಲಿ ಹೀಟರ್ ಉಂಟಲ್ಲ?"

ಕರಾವಳಿಯ ಸೆಕೆಯಲ್ಲಿ ಏಳು ವರ್ಷ ಆ ಗುಂಡಿಯನ್ನು ನಾನು ಮುಟ್ಟಿದವಳೇ ಅಲ್ಲ. ಮೂವರೂ ಕಾರಿನಲ್ಲಿ ಕೂತು, ಇಂಜಿನ್ ಚಾಲೂ ಮಾಡಿ, ಗಾಜು ಏರಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆವು. ಮೊದಲು ಧೂಳು ಬಂತು, ಆಮೇಲೆ ಬಿಸಿ. ಅಪ್ಪ ಮಗಳು ಗಾಳಿಯ ಕಿಂಡಿಗೆ ಒಂದೊಂದೇ ನೋಟು ಹಿಡಿದರು. ಮೂವರ ಮುಖದಿಂದಲೂ ಬೆವರು ಇಳಿಯುತ್ತಿತ್ತು. ಆ ಬೆವರು ನೋಟಿಗೆ ಬೀಳದಂತೆ ನಾನು ಮದುಮಕ್ಕಳ ಟಿಶ್ಯೂ ಹಿಡಿದು ಅವರಿಬ್ಬರ ಹಣೆ ಒರೆಸುತ್ತಿದ್ದೆ. "ಹೀಟರ್ ಒಳ್ಳೆದು ಉಂಟು" ಎಂದರು ಅವರು, ಬಹಳ ಗಂಭೀರವಾಗಿ.

ಬ್ಯಾಂಕಿನಲ್ಲಿ ಜನರೇಟರ್ ಇತ್ತು. ಮೆಷಿನ್ನು ಈ ಸಲ ಗೊಣಗದೆ ತಿಂದಿತು. ಒಂದೆರಡು ನೋಟನ್ನು ಹೊರಗೆ ಉಗುಳಿದ್ದನ್ನು ಕ್ಯಾಷಿಯರ್ ಕೈಯಲ್ಲೇ ಪರೀಕ್ಷಿಸಿ ಒಳಗೆ ತೆಗೆದುಕೊಂಡರು. ಚಲನ್ನಿಗೆ ಸೀಲು ಬಿತ್ತು. ಉಳಿದ ಎರಡು ಲಕ್ಷದ ನಲವತ್ತು ಸಾವಿರ ಅವರ ಬ್ಯಾಂಕಿನಿಂದ ಬಂದದ್ದಕ್ಕೆ ಫೋನಿನಲ್ಲಿ ಮೆಸೇಜು ಬಂತು. ಮೆಸೇಜನ್ನು ಯಾರು ಬೇಕಾದರೂ ಕಳಿಸಬಹುದು, ಹಾಗಾಗಿ ಪಾಸ್‌ಬುಕ್ಕಿನಲ್ಲಿ ಅಚ್ಚು ಹಾಕಿಸಿ ನೋಡಿದೆ. ಎರಡೂ ಸಾಲು ಇದ್ದವು. ಗಾಡಿ ಒಪ್ಪಿಸಿದ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆದು ಇಬ್ಬರೂ ಸೈನು ಹಾಕಿದೆವು, ಕೀಲಿ ಕೊಟ್ಟೆ. ಆಗಲೇ ನನಗೆ ಹೊಳೆದದ್ದು, ಉಡುಪಿಗೆ ಹೋಗಲು ನನ್ನ ಹತ್ತಿರ ಗಾಡಿ ಇಲ್ಲ ಎಂದು.

"ಹತ್ತಿ" ಎಂದಳು ಮಗಳು. ನನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ನಾನು ಮೊದಲ ಸಲ ಕೂತದ್ದು ಆವತ್ತು. ಕ್ಲಚ್ಚಿನ ಅಭ್ಯಾಸವಿಲ್ಲದೆ ದಾರಿಯಲ್ಲಿ ಎರಡು ಸಲ ಇಂಜಿನ್ ನಿಂತಿತು. ಮುಖ್ಯ ಶಾಖೆಯ ಅಧಿಕಾರಿ ಗಡಿಯಾರ ನೋಡಿ ಮುಖ ಸಿಂಡರಿಸಿದರು. ಹಣದ ಮೂಲ ಕೇಳಿದರು. ಕರಾರು ಕೊಟ್ಟೆ, ಚಲನ್ ಕೊಟ್ಟೆ, ಪಾಸ್‌ಬುಕ್ಕು ಕೊಟ್ಟೆ, ಗಂಡನ ಕೇಸಿನ ಕಾಗದ ಕೊಟ್ಟೆ. ಒಂದೊಂದನ್ನೂ ಓದಿದರು. ಕೊನೆಗೆ ಅರ್ಜಿಯ ಮೇಲೆ ಸೀಲು ಒತ್ತಿ, "ಹೋಯ್ತು" ಎಂದರು. ನಾನು ಅಲ್ಲಿಯೇ ಕುರ್ಚಿಯಲ್ಲಿ ಕೂತು ಅತ್ತೆಗೆ ಫೋನು ಮಾಡಿದೆ.

ಹಣ ಗುರುವಾರ ಮುಟ್ಟಿತು. ಆದರೆ ಬಿಡುಗಡೆ ಎಂದರೆ ಬಾಗಿಲು ತೆರೆದ ಹಾಗಲ್ಲ. ಕೋರ್ಟಿನ ಪತ್ರ, ಪೊಲೀಸರ ಪತ್ರ, ಹೊಸ ಪ್ರಯಾಣಪತ್ರ ಎಂದು ಆಟಿ ಮುಗಿದು ಸೋಣ ಹಿಡಿಯಿತು. ಈ ನಡುವೆ ಕಾಪುವಿನವರ ಫೋನು ಎರಡು ಸಲ ಬಂತು. ಕಾರಿನ ಬಗ್ಗೆ ಒಂದು ಮಾತಿಲ್ಲ, "ಗಂಡ ಬಂದ್ರಾ?" ಎಂದಷ್ಟೇ. ಗಂಡ ಟಿಕೆಟಿನ ದಿನ ಹೇಳಲಿಲ್ಲ. ಹೇಳಿ, ವಿಮಾನ ನಿಲ್ದಾಣದಲ್ಲಿ ಮತ್ತೆ ತಡೆದರೆ ಅಮ್ಮ ಬದುಕಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ಒಂದು ಮಧ್ಯಾಹ್ನ ಇಲ್ಲಿಯದೇ ನಂಬರಿನಿಂದ ಫೋನು. ಮಂಗಳೂರಿನಲ್ಲಿ ಇಳಿದು, ಯಾರದೋ ಫೋನು ಕೇಳಿ ಮಾಡಿದ್ದು. "ಟ್ಯಾಕ್ಸಿ ಬೇಡ, ಬಸ್ಸಿನಲ್ಲಿ ಬರ್ತೇನೆ. ಸಂತೆಕಟ್ಟೆಗೆ ಬಾ."

ಕೊಡೆ ಹಿಡಿದು ಹೋದೆ. ಎಕ್ಸ್‌ಪ್ರೆಸ್ ಬಸ್ಸು ನಿಂತಿತು, ಜನ ಇಳಿದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಶಾಲೆಯ ಮಕ್ಕಳು, ಮಲ್ಲಿಗೆ ಮಾರುವ ಹೆಂಗಸು, ಬಿಳಿ ಗಡ್ಡದ ಒಬ್ಬ ಮುದುಕ. ಬಸ್ಸು ಹೋಯಿತು. ಇವರು ಇಳಿಯಲಿಲ್ಲ, ಹಿಂದಿನ ಬಸ್ಸಿನಲ್ಲಿ ಇರಬೇಕೆಂದು ನಾನು ರಸ್ತೆಯ ಆಚೆ ಕಣ್ಣು ಹಾಯಿಸಿ ನಿಂತೆ.

ಮುದುಕ ಹೋಗದೆ ನನ್ನ ಪಕ್ಕದಲ್ಲೇ ನಿಂತಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಾನು ಸ್ವಲ್ಪ ಸರಿದು ನಿಂತೆ.

"ಎಂತ, ಗುರ್ತ ಸಿಗಲಿಲ್ವಾ?" ಎಂದ.

ಸ್ವರದಿಂದ ಗೊತ್ತಾಯಿತು. ದಿನಾ ಮುಖ ನೋಡಿ ಹೊಟ್ಟೆ ಹೊರೆಯುವವಳು ನಾನು, ನನ್ನ ಗಂಡನ ಮುಖ ನನಗೆ ಗುರುತು ಸಿಗಲಿಲ್ಲ. ಅವರಿಗೆ ಆಗ ನಲವತ್ತಾರು. ನಾನು ಕೊಡೆ ಬಿಟ್ಟು ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಬಸ್ ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿರುವಾಗಲೇ. ಮಳೆ ಬರುತ್ತಿತ್ತು, ಅವರು "ಮನೆಗೆ ಹೋಗುವ, ಮನೆಗೆ ಹೋಗುವ" ಎನ್ನುತ್ತಿದ್ದರು.